ಎಂಜಿನ್ ಬದಲಾಯಿತು, ಜೀಪು ಸ್ಟಾರ್ಟ್ ಆಗಲಿಲ್ಲ

ಹಳೇ ಡೀಸೆಲ್ ಗಾಡಿಗೆ ಬೇರೆ ಎಂಜಿನ್ ಕೂರಿಸಿ, ಅದು ಸ್ಟಾರ್ಟ್ ಆಗದೆ, ಒಬ್ಬೊಬ್ಬರು ಒಂದೊಂದು ಹೇಳುವುದನ್ನು ಕೇಳಿ ತಲೆ ಕೆಟ್ಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ರಾಮಾಯಣ ಮೊನ್ನೆಯಷ್ಟೇ ಮುಗಿಯಿತು. ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರೂ ಬಂತು. ಮರೆಯುವ ಮೊದಲು ಬರೆದಿಟ್ಟರೆ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಗಾಡಿ ಮಹೀಂದ್ರಾ ಕಮಾಂಡರ್, 2002ರ ಮಾಡೆಲ್, ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್. ನಮ್ಮ ತೋಟ ಇರುವುದು ಕಳಸದ ಹತ್ತಿರ. ರಸ್ತೆಯಿಂದ ಮನೆಗೆ ಬರುವ ದಾರಿಯಲ್ಲಿ ಬೇರೆ ಯಾವ ಗಾಡಿಯೂ ಮಳೆಗಾಲದಲ್ಲಿ ಹತ್ತುವುದಿಲ್ಲ. ಹೊಸ ಜೀಪು ತಗೊಳ್ಳಿ ಅಂತ ಹೇಳುವವರಿಗೆ ಇದೊಂದೇ ಉತ್ತರ ಸಾಕು.

ಮೇ ತಿಂಗಳಲ್ಲಿ ಕೊಟ್ಟಿಗೆಹಾರದ ಕಡೆಯಿಂದ ಲೋಡು ಹಾಕಿಕೊಂಡು ಬರುವಾಗ ರೇಡಿಯೇಟರಿನ ಕೆಳಗಿನ ಹೋಸು ಒಡೆಯಿತು. ಏರಿನಲ್ಲಿ ಎಂಜಿನ್ ಜಾಮ್ ಆಗಿ ನಿಂತಿತು. ಬಿಚ್ಚಿ ನೋಡಿದರೆ ಎರಡು ಪಿಸ್ಟನ್ ಸೀಜ್, ಲೈನರ್ ಗೀರು ಬಿದ್ದಿದೆ, ಹೆಡ್ ಬೆಂಡ್ ಆಗಿದೆ. ಮೆಷಿನ್ ಶಾಪಿನವರು ಬೋರು, ಕ್ರ್ಯಾಂಕ್, ಹೆಡ್ ಎಲ್ಲಾ ಸೇರಿಸಿ ಎಪ್ಪತ್ತು ಸಾವಿರದ ಲೆಕ್ಕ ಕೊಟ್ಟರು. ಅದೇ ಹೊತ್ತಿಗೆ ಹಾಸನದ ಕಡೆಯ ಒಂದು ಗುಜರಿಯಲ್ಲಿ, ಸ್ಕ್ರ್ಯಾಪಿಗೆ ಹೋದ ಪಿಕಪ್ಪಿನಿಂದ ಇಳಿಸಿದ ಇದೇ ಜಾತಿಯ ಎಂಜಿನ್ ಇದೆ ಅಂತ ಗೊತ್ತಾಯಿತು. ಡೀಸೆಲ್ ಪಂಪು, ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್ ಸಮೇತ 46 ಸಾವಿರ. ನಮ್ಮ ಹಳೇ ಎಂಜಿನ್ನನ್ನು ಅವರೇ ಕಬ್ಬಿಣದ ರೇಟಿಗೆ ತೆಗೆದುಕೊಳ್ಳುತ್ತಾರೆ. ಎಂಟು ದಿನದ ಗ್ಯಾರಂಟಿ: ಎಂಜಿನ್ನಿನಲ್ಲೇ ದೋಷ ಇದ್ದರೆ ವಾಪಸ್.

ಇಲ್ಲೊಂದು ಮಾತು. ಗುಜರಿಯಲ್ಲಿ ಎಂಜಿನ್ ತಗೊಳ್ಳುವಾಗ ಬಿಲ್ಲು ಬೇಡ ಅಂದರೆ ರೇಟು ಕಮ್ಮಿ ಆಗುತ್ತದೆ. "ಬಿಲ್ ಮಾಡಿದ್ರೆ ಜಿಎಸ್‌ಟಿ ಬೇರೆ ಬೀಳ್ತದೆ ಗೌಡ್ರೆ, ಸುಮ್ನೆ ಯಾಕೆ" ಅಂತ ನನಗೂ ಹೇಳಿದರು. ಬೀಳಲಿ ಅಂದೆ. ಎಂಜಿನ್ ನಂಬರ್ ಬರೆದ ಬಿಲ್ಲು, ಆ ಪಿಕಪ್ಪಿನ ಆರ್‌ಸಿ ಜೆರಾಕ್ಸ್, ಆ ಆರ್‌ಸಿ ರದ್ದಾಗಿದೆ ಅನ್ನುವ ಪತ್ರ, ಈ ಮೂರನ್ನೂ ಕೈಗೆ ತಗೊಂಡ ಮೇಲೆಯೇ ದುಡ್ಡು ಕೊಟ್ಟೆ. ಕದ್ದ ಗಾಡಿಯ ಎಂಜಿನ್ ಅಲ್ಲ ಅಂತ ತೋರಿಸಲು ನಾಳೆ ನಮ್ಮ ಹತ್ತಿರ ಬೇರೇನೂ ಇರುವುದಿಲ್ಲ. ಗ್ಯಾರಂಟಿಯ ಮಾತನ್ನೂ ಬಿಲ್ಲಿನ ಹಿಂದೆ ಬರೆಸಿ ಸಹಿ ಹಾಕಿಸಿಕೊಂಡೆ. ಇನ್ನೊಂದು, ಬ್ಲಾಕಿನ ಮೇಲೆ ಕೊರೆದ ನಂಬರಿಗೆ ಗ್ರೀಸು, ಮಣ್ಣು ಮೆತ್ತಿರುತ್ತದೆ. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪೆನ್ಸಿಲ್ ಪ್ರಿಂಟ್ ತೆಗೆದು, ಫೋಟೋ ಹೊಡೆದು ಇಟ್ಟುಕೊಳ್ಳಿ. ಎಂಜಿನ್ ಬಾನೆಟ್ಟಿನ ಒಳಗೆ ಇಳಿದ ಮೇಲೆ ಅಲ್ಲಿಗೆ ಕೈಯೂ ಹೋಗುವುದಿಲ್ಲ, ಕಣ್ಣೂ ಹೋಗುವುದಿಲ್ಲ.

ಎಂಜಿನ್ ಬಂದ ಮೇಲೆ ಪಂಪು ಬಿಚ್ಚಿ ಚಿಕ್ಕಮಗಳೂರಿಗೆ ಪಂಪ್ ಶಾಪಿಗೆ ಕಳಿಸಿದೆವು. ಸಾಲಾಗಿ ನಾಲ್ಕು ಪ್ಲಂಜರ್ ಇರುವ ಇನ್‌ಲೈನ್ ಪಂಪು, ನಮ್ಮ ಕಡೆ ಎಲ್ಲರೂ ಮೈಕೋ ಪಂಪು ಅಂತಲೇ ಕರೆಯುವುದು. ಬೆಂಗಳೂರಿನ ಆಡುಗೋಡಿಯ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ಮೆಕ್ಯಾನಿಕ್‌ಗಳ ಬಾಯಲ್ಲಿ ಇವತ್ತಿಗೂ ಮೈಕೋ ಮೈಕೋನೇ. ಎಲಿಮೆಂಟು, ಡೆಲಿವರಿ ವಾಲ್ವು ಬದಲಿಸಿ, ಕ್ಯಾಲಿಬ್ರೇಶನ್ ಮಾಡಿ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಲ್ಕು ನಾಜಲ್ಲು ಹೊಸದು ಹಾಕಿ ಸುಮಾರು 11 ಸಾವಿರ ಆಯಿತು. ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು ಹೇಗೂ ಬಿಚ್ಚಿದ್ದೇವೆ ಅಂತ ಅದನ್ನೂ ಬದಲಿಸಿದೆವು, ನಾಲ್ಕೂವರೆ ಸಾವಿರ. ಮೌಂಟಿಂಗ್ ರಬ್ಬರು, ಹೋಸು, ಬೆಲ್ಟು, ಫಿಲ್ಟರು, ಕೂಲೆಂಟು ಅಂತ ಸಣ್ಣಪುಟ್ಟದ್ದು ಸೇರಿ ಇನ್ನೊಂದು ಆರು ಸಾವಿರ. ಇಳಿಸಿ ಹತ್ತಿಸುವ ಕೂಲಿ ಎಂಟು ಸಾವಿರಕ್ಕೆ ಮೊದಲೇ ಮಾತಾಗಿತ್ತು. ಮೆಕ್ಯಾನಿಕ್ ನಮ್ಮ ಮನೆ ಅಂಗಳಕ್ಕೇ ಚೈನ್ ಬ್ಲಾಕ್ ತಂದು, ಹಲಸಿನ ಮರದ ಕೊಂಬೆಗೆ ಕಟ್ಟಿ ಕೆಲಸ ಮಾಡಿದ. ಸುತ್ತಮುತ್ತಲಿನ ಜೀಪುಗಳನ್ನೆಲ್ಲ ನೋಡಿಕೊಳ್ಳುವ ಒಳ್ಳೆಯ ಕೆಲಸಗಾರ.

ಎಂಜಿನ್ ಕೂತಿತು. ಎಂಜಿನ್ ಎಣ್ಣೆ, ನೀರು ತುಂಬಿದೆವು. ಅಮ್ಮ ಊದುಬತ್ತಿ ಹಚ್ಚಿ ಬಾನೆಟ್ಟಿನ ಮುಂದೆ ಬೆಳಗಿದರು. ಕೀ ತಿರುಗಿಸಿದರೆ "ಟಕ್" ಅಂತ ಒಂದೇ ಸದ್ದು. ಇನ್ನೊಂದು ಸಲ, "ಟಕ್". ಅಷ್ಟೇ.

ಬ್ಯಾಟರಿ ಡೌನ್ ಅಂದ ಮೆಕ್ಯಾನಿಕ್. ಪಕ್ಕದ ಮನೆಯ ಪಿಕಪ್ಪಿನ ಬ್ಯಾಟರಿಯಿಂದ ವೈರ್ ಎಳೆದು ಕೊಟ್ಟೆವು. ಮತ್ತೆ ಟಕ್. ಮೂರನೇ ಸಲಕ್ಕೆ ಹೊಗೆ ಬಂತು. ಎಂಜಿನ್ನಿನಿಂದ ಅಲ್ಲ, ಎಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲ್ಲಿನಿಂದ! ಕೇಬಲ್ಲಿನ ಮೇಲಿನ ಕಪ್ಪು ಪ್ಲಾಸ್ಟಿಕ್ ಕರಗಿ, ಮೇಣದ ಹಾಗೆ ತೊಟ್ಟಿಕ್ಕುತ್ತಿತ್ತು. ಒಳಗೆ ಕೂತಿದ್ದ, ಮೆಕ್ಯಾನಿಕ್ ಜೊತೆ ಕೆಲಸ ಮಾಡುವ ಹುಡುಗ ಹೆದರಿ ಸ್ಟಾಪ್ ನಾಬನ್ನು ಎಳೆದು ಕೆಳಗೆ ಹಾರಿದ. ಇನ್ನೊಬ್ಬ ಬ್ಯಾಟರಿ ಟರ್ಮಿನಲ್ ಕಿತ್ತ.

ವಿಷಯ ಏನಂದರೆ, ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಎಂಜಿನ್ನಿನಿಂದ ಚಾಸಿಗೆ ಒಂದು ದಪ್ಪ ಅರ್ಥ್ ಪಟ್ಟಿ ಇರುತ್ತದೆ. ನಮ್ಮ ಅರ್ಥ್ ಪಟ್ಟಿ ಹಳೇ ಎಂಜಿನ್ನಿನ ಬ್ರಾಕೆಟ್ಟಿಗೆ ಅಂಟಿಕೊಂಡು ಅದರ ಜೊತೆಗೇ ಗುಜರಿಗೆ ಹೋಗಿತ್ತು. ಸೆಲ್ಫ್ ಮೋಟರ್ ಎಳೆಯುವ ನೂರಾರು ಆಂಪ್ ಕರೆಂಟಿಗೆ ವಾಪಸ್ ಹೋಗಲು ದಾರಿ ಬೇಡವಾ? ಸಿಕ್ಕಿದ್ದು ಸ್ಟಾಪ್ ಕೇಬಲ್ಲಿನ ತಂತಿ. ಅದು ಒಲೆಯ ಕಾಯಿಲ್ ಆಯಿತು.

ಇದನ್ನು ಹಿಡಿಯಲು ಸಾಮಾನ್ಯ ಮಲ್ಟಿಮೀಟರ್ ಸಾಕು. ಬ್ಯಾಟರಿಯ ಮೈನಸ್ಸಿಗೆ ಒಂದು ಕಡ್ಡಿ, ಎಂಜಿನ್ ಬ್ಲಾಕಿನ ಖಾಲಿ ಕಬ್ಬಿಣಕ್ಕೆ ಇನ್ನೊಂದು ಕಡ್ಡಿ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಸರಿ ಇಲ್ಲ. ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ನೋಡಿದಾಗ, ಸೆಲ್ಫ್ ಹೊಡೆಯುವಾಗಲೂ ಸುಮಾರು ಒಂಬತ್ತೂವರೆ ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಈ ಎರಡು ನೋಡದೆ ಬ್ಯಾಟರಿ ಅಂಗಡಿಗೆ ಓಡಬೇಡಿ. ನಾವು ವೆಲ್ಡಿಂಗ್ ಕೇಬಲ್ಲಿನ ಒಂದು ತುಂಡಿಗೆ ಎರಡೂ ಕಡೆ ಲಗ್ ಹಾಕಿ, ಚಾಸಿಯ ಪೇಂಟ್ ಕೆರೆದು ಬಿಗಿದೆವು. ಸೆಲ್ಫ್ ಭರ್ಜರಿಯಾಗಿ ತಿರುಗಿತು.

ತಿರುಗಿತು, ಆದರೆ ಸೈಲೆನ್ಸರಿನಲ್ಲಿ ಒಂದು ಎಳೆ ಹೊಗೆಯೂ ಇಲ್ಲ.

ಡೀಸೆಲ್ ಗಾಡಿಯಲ್ಲಿ ಹೊಗೆಯೇ ಅರ್ಧ ರಿಪೋರ್ಟ್. ಸೆಲ್ಫ್ ಹೊಡೆಯುವಾಗ ಹೊಗೆಯೇ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಇದಿಷ್ಟು ಗೊತ್ತಿದ್ದರೆ ಎಷ್ಟೋ ಬಿಚ್ಚಾಟ ಉಳಿಯುತ್ತದೆ.

ಪಂಪು ಬಿಚ್ಚಿ ಹಾಕಿದ್ದರಿಂದ ಡೀಸೆಲ್ ಪೈಪಿನಲ್ಲಿ ಏರ್ ಹಿಡಿದೇ ಹಿಡಿದಿರುತ್ತದೆ. ಹಾಗಾಗಿ ಏರ್ ತೆಗೆಯಲು ಕೂತೆವು. ಮೊದಲು ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಹ್ಯಾಂಡ್ ಪ್ರೈಮರ್ ಒತ್ತುತ್ತಾ ಹೋಗುವುದು. ನೊರೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿದು, ಪಂಪಿನ ಮೇಲಿನ ಸ್ಕ್ರೂ. ಕೊನೆಗೆ ನಾಜಲ್ಲಿನ ಕಡೆಯ ಪೈಪಿನ ನಟ್ಟುಗಳನ್ನು ಸಡಿಲಿಸಿ ಸೆಲ್ಫ್ ಹೊಡೆಯುವುದು. ಸೆಲ್ಫನ್ನು ಒಂದೇ ಸಮನೆ ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ಮೋಟರ್ ಸುಟ್ಟುಹೋಗುತ್ತದೆ. ಮತ್ತೆ, ಆ ನಟ್ಟುಗಳ ಹತ್ತಿರ ಬರಿಗೈ ಇಡಬೇಡಿ. ನಾಜಲ್ಲಿನ ಪ್ರೆಶರಿನಲ್ಲಿ ಚಿಮ್ಮುವ ಡೀಸೆಲ್ ಚರ್ಮದ ಒಳಗೇ ಹೊಕ್ಕುತ್ತದೆ. ಇದು ತಮಾಷೆಯಲ್ಲ, ಆಸ್ಪತ್ರೆ ಕೇಸು.

ನಮ್ಮಲ್ಲಿ ನೊರೆ ನಿಲ್ಲಲೇ ಇಲ್ಲ. ಪ್ರೈಮರ್ ಒತ್ತಿ ಒತ್ತಿ ಹೆಬ್ಬೆರಳಲ್ಲಿ ಗುಳ್ಳೆ ಎದ್ದಿತು. ಟ್ಯಾಂಕಿನಿಂದ ಬರುವ ಪೈಪಿನ ಜಾಗದಲ್ಲಿ ಒಂದು ಮೊಳ ಪಾರದರ್ಶಕ ಪ್ಲಾಸ್ಟಿಕ್ ಹೋಸು ಹಾಕಿ ನೋಡಿದೆವು. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಹೋಗುತ್ತಿವೆ. ಫೀಡ್ ಪಂಪಿಗೆ ಪೈಪು ಕೂರಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಹಳೆಯದನ್ನೇ ಹಾಕಿದ್ದು ಕಾರಣ. ಈ ಭಾಗದಲ್ಲಿ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಕಣ್ಣಿಗೆ ಕಾಣುವುದಿಲ್ಲ. ಹೊಸ ವಾಷರ್ ಕಳಸದಲ್ಲಿ ಆ ಅಳತೆಯದ್ದು ಸಿಗಲಿಲ್ಲ. ಮೆಕ್ಯಾನಿಕ್ ಹಳೆಯದನ್ನೇ ಅಡುಗೆಮನೆಯ ಗ್ಯಾಸಿನ ಮೇಲೆ ಕೆಂಪಗೆ ಕಾಯಿಸಿ, ನೀರಿಗೆ ಅದ್ದಿ ತಂದ. ಕಾಯಿಸಿದರೆ ತಾಮ್ರ ಮೆತ್ತಗಾಗಿ ಮತ್ತೆ ಕಚ್ಚಿ ಕೂರುತ್ತದೆ. ನೊರೆ ನಿಂತಿತು.

ಆದರೂ ನಾಜಲ್ಲಿನ ಪೈಪಿನಲ್ಲಿ ಡೀಸೆಲ್ ಇಲ್ಲ. ಇದು ನಮಗೆ ಒಂದಿಡೀ ದಿನ ತಿಂದಿತು. ಪಂಪಿನ ಮೇಲೆ ಡೀಸೆಲ್ ತುಂಬಿ ನಿಂತಿದೆ, ಮುಂದೆ ಹೋಗುತ್ತಿಲ್ಲ. ಎಲ್ಲರೂ ಪಂಪ್ ಶಾಪಿನವರಿಗೆ ಬಯ್ಯಲು ಶುರು ಮಾಡಿದರು. ಪಂಪು ಬಿಚ್ಚಿ ವಾಪಸ್ ಕಳಿಸೋಣ ಅಂತ ಸ್ಪ್ಯಾನರ್ ಕೂಡ ಹಾಕಿ ಆಗಿತ್ತು. ಆಗ ನಾನು ಆ ಸುಟ್ಟ ಸ್ಟಾಪ್ ಕೇಬಲ್ ನೋಡುತ್ತಿದ್ದೆ. ಒಳಗೆ ನಾಬನ್ನು ತಳ್ಳಿದರೆ ಸಲೀಸಾಗಿ ಹೋಗುತ್ತದೆ. ಪಂಪಿನ ಪಕ್ಕದ ಲಿವರ್ ಮಾತ್ರ ಅಲ್ಲಾಡುವುದಿಲ್ಲ. ಹುಡುಗ ಎಳೆದ ಹೊತ್ತಿನಲ್ಲೇ ಪ್ಲಾಸ್ಟಿಕ್ ಕರಗಿ, ಆರಿ, ಒಳಗಿನ ತಂತಿ ಹಾಗೆಯೇ ಕಚ್ಚಿಕೊಂಡಿದೆ. ಅಂದರೆ ಎಂಜಿನ್ನಿಗೆ "ನಿಲ್ಲು" ಅಂತ ಹೇಳಿಟ್ಟು ಸೆಲ್ಫ್ ಹೊಡೆಯುತ್ತಿದ್ದೇವೆ! ಕೇಬಲ್ ಕಳಚಿದೆವು. ಲಿವರ್ ಸ್ಪ್ರಿಂಗಿಗೆ ಟಪ್ಪಂತ ಹಿಂದೆ ಬಂತು. ಮುಂದಿನ ಸೆಲ್ಫಿಗೆ ನಾಲ್ಕೂ ಪೈಪಿನಲ್ಲಿ ಡೀಸೆಲ್ ಚಿಮ್ಮಿತು. ಹೊಸ ಕೇಬಲ್ಲು 250 ರೂಪಾಯಿ.

ನಟ್ಟು ಬಿಗಿದು ಸೆಲ್ಫ್ ಹೊಡೆದರೆ, ಅಬ್ಬಾ, ಬಿಳಿ ಹೊಗೆ. ಅಂಗಳ ತುಂಬಾ. ಕಣ್ಣುರಿಯುವ ಡೀಸೆಲ್ ವಾಸನೆ. ಎಂಜಿನ್ ಮಾತ್ರ ಹಿಡಿಯುತ್ತಿಲ್ಲ. ಒಂದೆರಡು ಸಲ ಕೆಮ್ಮಿದ ಹಾಗೆ ಮಾಡಿ ಸುಮ್ಮನಾಗುತ್ತದೆ.

ಇಲ್ಲಿಂದ ಮುಂದೆ ಊರವರ ಪಾಲು. ಇಳಿಜಾರಿನಲ್ಲಿ ಬಿಟ್ಟರೆ ಹಿಡಿಯುತ್ತದೆ ಅಂತ ಬಂದವರೆಲ್ಲ ಹೇಳಿದರು. ನಮ್ಮ ಕಡೆ ಜೀಪನ್ನು ಇಳಿಜಾರು ನೋಡಿ ನಿಲ್ಲಿಸುವುದೇ ಅಭ್ಯಾಸ ತಾನೆ. ಮನೆಯ ಮುಂದಿನ ಇಳಿಜಾರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ಬಿಟ್ಟರು. ಜೀಪು ಬಿಳಿ ಹೊಗೆ ಬಿಟ್ಟುಕೊಂಡು, ಜರ್ಕ್ ಹೊಡೆಯುತ್ತಾ, ಕೆಳಗಿನ ಅಡಿಕೆ ತೋಟದ ಅಂಚಿನವರೆಗೆ ಹೋಗಿ ನಿಂತಿತು. ಮಳೆ ಶುರುವಾಗಿತ್ತು. ಮೇಲೆ ಎಳೆಯಲು ಟ್ರ್ಯಾಕ್ಟರ್ ಬೇಕಾಯಿತು, ಸಾವಿರ ರೂಪಾಯಿ. ಅಮ್ಮ ಜಗಲಿಯಲ್ಲಿ ನಿಂತು ನೋಡಿ, "ಅದಕ್ಕೆ ಬೇಜಾರಾಗಿದೆ ಮಾರಾಯ, ಬಿಟ್ಟುಬಿಡು" ಅಂದರು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ನಿಜ ಹೇಳಬೇಕಂದರೆ ಆ ವಾರ ನಿದ್ದೆ ಬರುತ್ತಿರಲಿಲ್ಲ. ಮಳೆ ಹಿಡಿಯುವ ಮೊದಲು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಬೇಕು, ಇಲ್ಲದಿದ್ದರೆ ಕೊಳೆರೋಗ. ಮೈಲುತುತ್ತ, ಸುಣ್ಣ, ಡ್ರಮ್ಮು ಸಾಗಿಸಲು ಬಾಡಿಗೆ ಜೀಪು. ಗುಜರಿಯ ಎಂಟು ದಿನದ ಗ್ಯಾರಂಟಿ ಮುಗಿಯುತ್ತಾ ಬಂದಿದೆ. ಇದರ ಮೇಲೆ ಕಾನೂನಿನ ಲೆಕ್ಕ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಿಸಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇನ್ಸ್‌ಪೆಕ್ಟರ್ ಗಾಡಿ ನೋಡಬೇಕು. ಗಾಡಿ ಅಂಗಳ ಬಿಟ್ಟು ಏಳುತ್ತಿಲ್ಲ! ಗಾಡಿ ಓಡಲಿ, ಆಮೇಲೆ ಅರ್ಜಿ ಹಾಕೋಣ ಅಂತ ಹಲವರು ಹೇಳಿದರು. ನಾನು ಕಾಯಲಿಲ್ಲ. ಸರ್ಕಾರದ ಪರಿವಾಹನ್ ಸೈಟಿನಲ್ಲಿ ಆಲ್ಟರೇಶನ್ ಅಂತ ಇರುವ ಅರ್ಜಿ ತುಂಬಿ, ಫೀಸು ಕಟ್ಟಿ, ರಸೀದಿ ಇಟ್ಟುಕೊಂಡೆ. ತಿಳಿಸಿದ ತಾರೀಕು ಕಾಗದದ ಮೇಲೆ ಇರಲಿ ಅಂತ. ನೀವೂ ಹಾಗೆಯೇ ಮಾಡಿ.

ಬಿಳಿ ಹೊಗೆಗೆ ಮೆಕ್ಯಾನಿಕ್ ಹೇಳಿದ ಮೊದಲ ಕಾರಣ ನಾಜಲ್ಲು. ಬಿಚ್ಚಿ ಚಿಕ್ಕಮಗಳೂರಿಗೆ ಕಳಿಸಿದರೆ, ಅವರು ಟೆಸ್ಟರಿಗೆ ಹಾಕಿ, ನಾಲ್ಕೂ ಮಂಜಿನ ಹಾಗೆ ಸ್ಪ್ರೇ ಆಗುವುದನ್ನು ವಿಡಿಯೋ ಮಾಡಿ ಕಳಿಸಿದರು. ದುಡ್ಡು ತಗೊಳ್ಳಲಿಲ್ಲ. ಎರಡನೇ ಕಾರಣ ಕಂಪ್ರೆಶನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತುವ ಬಲ. "ಗುಜರಿ ಮಾಲು, ರಿಂಗ್ ಹೋಗಿರ್ತದೆ, ವಾಪಸ್ ಕೊಡುವಾ" ಅಂದ. ವಾಪಸ್ ಅಂದರೆ ಮತ್ತೆ ಎಂಜಿನ್ ಇಳಿಸಿ, ಲಾರಿ ಬಾಡಿಗೆ ಕೊಟ್ಟು, ಇನ್ನೊಂದು ಹುಡುಕಿ, ಮೊದಲಿನಿಂದ ಶುರು. ಅಳೆಯದೆ ಇಳಿಸುವುದು ಬೇಡ ಅಂದೆ. ಡೀಸೆಲ್ ಎಂಜಿನ್ನಿಗೆ ಬೇರೆಯದೇ ಕಂಪ್ರೆಶನ್ ಗೇಜ್ ಬೇಕು, ಪೆಟ್ರೋಲ್ ಗಾಡಿಯದ್ದು ನಡೆಯುವುದಿಲ್ಲ. ಟ್ರ್ಯಾಕ್ಟರ್ ರಿಪೇರಿ ಮಾಡುವವರ ಹತ್ತಿರ ಒಂದಿತ್ತು. ಐನೂರು ರೂಪಾಯಿ ಬಾಡಿಗೆಗೆ ತಂದು, ನಾಜಲ್ಲಿನ ತೂತಿಗೆ ಒಂದೊಂದಾಗಿ ಹಾಕಿ ನೋಡಿದೆವು. ನಾಲ್ಕರಲ್ಲೂ 25 ಬಾರಿನ ಆಸುಪಾಸು, ಒಂದಕ್ಕೊಂದು ಹೆಚ್ಚು ವ್ಯತ್ಯಾಸ ಇಲ್ಲ. ರಿಂಗ್ ಹೋದ ಎಂಜಿನ್ ಹೀಗೆ ತೋರಿಸುವುದಿಲ್ಲ.

ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವಾ ಅಂತಲೂ ಒಬ್ಬರು ಬಂದಿದ್ದರು. ಅದರಲ್ಲಿರುವುದು ಈಥರ್. ಅದನ್ನು ಹೊಡೆದು ಪಿಸ್ಟನ್ ರಿಂಗ್ ಮುರಿದುಕೊಂಡ ಎಂಜಿನ್‌ಗಳಿವೆ. ಬೇಡವೇ ಬೇಡ ಅಂದೆ. ಹಳೇ ಪ್ಯೂಜೋ ಎಂಜಿನ್ನಿನ ಜೀಪುಗಳಿಗೆ, ಸ್ಟಾರ್ಟ್ ಮಾಡುವ ಮೊದಲು ಬಿಸಿ ಮಾಡುವ ಹೀಟರ್ ಪ್ಲಗ್ ಇರುತ್ತದೆ. ಅದು ಸತ್ತಿದ್ದರೂ ಇದೇ ಥರ ಬಿಳಿ ಹೊಗೆ ಬಂದು ಸ್ಟಾರ್ಟ್ ಆಗುವುದಿಲ್ಲ. ನಿಮ್ಮದು ಆ ಎಂಜಿನ್ ಆದರೆ ಅದನ್ನು ಮೊದಲು ನೋಡಿ. ನಮ್ಮ ಡಿಐಯಲ್ಲಿ ಹೀಟರ್ ಇಲ್ಲ.

ಹಾಗಾದರೆ ಉಳಿದದ್ದು ಏನು? ಡೀಸೆಲ್ ಇದೆ, ಸ್ಪ್ರೇ ಇದೆ, ಕಂಪ್ರೆಶನ್ ಇದೆ. ಡೀಸೆಲ್ ಚಿಮ್ಮುವ ಸಮಯ ಒಂದೇ ಬಾಕಿ. ಮೆಕ್ಯಾನಿಕ್ ಟೈಮಿಂಗ್ ಸರಿ ಇದೆ ಅಂತ ಫ್ಲೈವೀಲ್ ಮಾರ್ಕ್ ತೋರಿಸಿದ. ಮಾರ್ಕ್ ನೆಟ್ಟಗೆ ಕೂತಿತ್ತು. ಕೊನೆಗೆ ನಾಜಲ್ ವಾಪಸ್ ತರಲು ಪಂಪ್ ಶಾಪಿಗೆ ಫೋನ್ ಮಾಡಿದಾಗ, ಅಲ್ಲಿಯವರೇ ಕೇಳಿದರು: "ಪಂಪ್ ಕೂರಿಸುವಾಗ ಒಂದನೇ ಸಿಲಿಂಡರ್ ಯಾವ ಸ್ಟ್ರೋಕಲ್ಲಿ ಇತ್ತು? ಟ್ಯಾಪೆಟ್ ನೋಡಿದ್ರಾ, ಬರೀ ಮಾರ್ಕ್ ನೋಡಿದ್ರಾ?" ಸ್ಪೀಕರ್ ಫೋನಿನಲ್ಲಿತ್ತು. ಮೆಕ್ಯಾನಿಕ್ ತಿರುಗಿ ಹುಡುಗನ ಮುಖ ನೋಡಿದ. ಪಂಪ್ ಕೂರಿಸಿದ ದಿನ ಮೆಕ್ಯಾನಿಕ್ ಮದುವೆಗೆ ಹೋಗಿದ್ದ. ಹುಡುಗ ಏನೂ ಹೇಳದೆ ರಾಕರ್ ಕವರ್ ಬಿಚ್ಚಲು ಹೋದ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಎಡವುವುದು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಪಂಪು ಒಂದು ಸುತ್ತು. ಒಂದನೇ ಪಿಸ್ಟನ್ ಈ ಎರಡು ಸುತ್ತಿನಲ್ಲಿ ಎರಡು ಸಲ ಮೇಲೆ ಬರುತ್ತದೆ. ಒಂದು ಸಲ ಗಾಳಿ ಒತ್ತಿಕೊಂಡು, ಇನ್ನೊಂದು ಸಲ ಹೊಗೆ ಹೊರಗೆ ತಳ್ಳುತ್ತಾ. ಎರಡು ಸಲವೂ ಫ್ಲೈವೀಲ್ ಮಾರ್ಕ್ ಅದೇ ಜಾಗಕ್ಕೆ ಬರುತ್ತದೆ. ಮಾರ್ಕ್ ನೋಡಿ ಯಾವುದು ಅಂತ ಹೇಳಲು ಆಗುವುದಿಲ್ಲ. ವಾಲ್ವ್ ನೋಡಿಯೇ ಹೇಳಬೇಕು, ಟ್ಯಾಪೆಟ್ ನೋಡುವುದು ಅಂದರೆ ಇದೇ. ಒಂದನೇ ಸಿಲಿಂಡರಿನ ವಾಲ್ವ್ ಒತ್ತುವ ಎರಡೂ ರಾಕರ್ ಬೆರಳಲ್ಲಿ ಅಲ್ಲಾಡಿಸಿದರೆ ಸಡಿಲ ಇದ್ದು, ನಾಲ್ಕನೆಯದ್ದರ ರಾಕರ್‌ಗಳು ಬಿಗಿ ಇದ್ದರೆ ಅದು ಕಂಪ್ರೆಶನ್. ತಿರುಗುಮುರುಗು ಇದ್ದರೆ ಒಂದನೆಯದ್ದು ಹೊಗೆ ಬಿಡುವುದನ್ನು ಮುಗಿಸುತ್ತಿದೆ ಅಂತ ಅರ್ಥ. ಆ ಹೊತ್ತಿಗೆ ಡೀಸೆಲ್ ಬಿಟ್ಟರೆ ಅದು ಉರಿಯದೆ ಸೈಲೆನ್ಸರಿಗೆ ಹೋಗಿ ಬಿಳಿ ಹೊಗೆಯಾಗುತ್ತದೆ.

ನಾವು ಪಂಪಿನ ಒಂದನೇ ಪೈಪು ಕಳಚಿದೆವು. ಆ ಪೈಪು ಕೂರುವ ಹೋಲ್ಡರಿನ ಬಾಯಲ್ಲಿ ಡೀಸೆಲ್ ತುಂಬಿ, ಹನಿಯ ಹಾಗೆ ಉಬ್ಬಿ ನಿಂತಿತ್ತು. ಹುಡುಗ ಕೆಳಗೆ ಮಲಗಿ ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಹಾಕಿ ಮೆಲ್ಲಗೆ ತಿರುಗಿಸಿದ. ನಾನು ಟಾರ್ಚ್ ಬೆಳಕು ಬಿಟ್ಟು ಆ ಹನಿಯನ್ನೇ ನೋಡುತ್ತಿದ್ದೆ, ಪಂಪು ಡೀಸೆಲ್ ತಳ್ಳಿದ ಕೂಡಲೇ ಅದು ಅಲ್ಲಾಡಬೇಕು. ಮೆಕ್ಯಾನಿಕ್ ರಾಕರ್ ಮೇಲೆ ಬೆರಳಿಟ್ಟುಕೊಂಡಿದ್ದ. ಒಂದನೆಯದ್ದು ಕಂಪ್ರೆಶನ್ನಿಗೆ ಬಂತು, ಮಾರ್ಕ್ ಕೂತಿತು. ಹನಿ ಮಿಸುಕಲಿಲ್ಲ. ಇನ್ನೂ ಒಂದು ಸುತ್ತು. ಮಾರ್ಕ್ ಹತ್ತಿರ ಬರುವ ಸ್ವಲ್ಪ ಮೊದಲು ಹನಿ ನಡುಗಿ, ಉಬ್ಬಿ, ಅಂಚಿನಿಂದ ಹರಿಯಿತು. ಒಂದನೇ ರಾಕರ್ ಬಿಗಿ, ನಾಲ್ಕನೆಯದ್ದು ಸಡಿಲ. ಪಂಪು ಅರ್ಧ ಸುತ್ತು ಆಚೀಚೆ ಕೂತಿದೆ, ಇನ್ನು ಅನುಮಾನ ಇಲ್ಲ.

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-3-4-2. ಪೈಪು ಒಂದನ್ನು ನಾಲ್ಕಕ್ಕೆ, ಎರಡನ್ನು ಮೂರಕ್ಕೆ ಅದಲುಬದಲು ಮಾಡಿದರೆ ಪಂಪು ಬಿಚ್ಚದೆಯೇ ಸ್ಟಾರ್ಟ್ ಆಗಬೇಕು. ಲೆಕ್ಕಕ್ಕೆ ಸರಿ. ಆದರೆ ಆ ಕಬ್ಬಿಣದ ಪೈಪುಗಳು ಒಂದೊಂದು ಒಂದೊಂದು ಆಕಾರಕ್ಕೆ ಬಗ್ಗಿಸಿದವು. ಬೇರೆ ಕಡೆ ಮುಟ್ಟುವುದಿಲ್ಲ, ಬಲವಂತಕ್ಕೆ ಬಗ್ಗಿಸಿದರೆ ಮುರಿಯುತ್ತವೆ. ಪಂಪು ಬಿಚ್ಚಿದೆವು. ಎಂಜಿನ್ನನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ರಾಕರ್ ನೋಡಿ, ಮಾರ್ಕ್ ನೋಡಿ, ಮತ್ತೆ ಕೂರಿಸಿದೆವು. ಅದೇ ಹನಿ ನೋಡುವ ಪರೀಕ್ಷೆ ಇನ್ನೊಮ್ಮೆ. ಈ ಸಲ ಸರಿಯಾದ ಹೊತ್ತಿಗೆ ಹರಿಯಿತು.

ಸೆಲ್ಫ್ ಹೊಡೆಯುವ ಮೊದಲು ನಾನು ಎಣ್ಣೆ ಕಡ್ಡಿ ಎಳೆದು ನೋಡಿದೆ. ಲೆವೆಲ್ ಮೇಲೆ ಬಂದಿತ್ತು, ವಾಸನೆ ಡೀಸೆಲ್ಲಿನದ್ದು. ಅಷ್ಟು ದಿನ ಉರಿಯದ ಡೀಸೆಲ್ ಲೈನರ್ ತೊಳೆದುಕೊಂಡು ಕೆಳಗಿನ ಎಣ್ಣೆ ಚೇಂಬರಿಗೆ ಇಳಿದಿದೆ. ಹೊಸ ಎಣ್ಣೆ, ಒಂದು ನಿಮಿಷವೂ ಓಡದ ಎಣ್ಣೆ, ಚೆಲ್ಲಿ ಬೇರೆ ಹಾಕಿದೆವು. ಎರಡು ಸಾವಿರದ ಮೇಲೆ ಹೋಯಿತು. ಹೊಟ್ಟೆ ಉರಿಯುತ್ತದೆ, ಆದರೂ ಬದಲಿಸಿ. ತೆಳುವಾದ ಎಣ್ಣೆಯಲ್ಲಿ ಬೇರಿಂಗ್ ಹೋದರೆ ಆ ಎಂಜಿನ್ನಿನ ಕತೆಯೂ ಅಲ್ಲಿಗೇ ಮುಗಿಯಿತು.

ಕೀ ತಿರುಗಿಸಿದೆ. ಮೊದಲು ಒಂದೇ ಸಿಲಿಂಡರ್ ಹಿಡಿದು ಕುಂಟುತ್ತಾ, ಆಮೇಲೆ ಎರಡು, ಆಮೇಲೆ ನಾಲ್ಕೂ. ಸೈಲೆನ್ಸರಿನಲ್ಲಿ ಕೂತಿದ್ದ ಡೀಸೆಲ್ಲೆಲ್ಲ ಹೊಗೆಯಾಗಿ ಬಂದು ಕೊಟ್ಟಿಗೆಯ ದನ ಕೂಗಿಕೊಂಡವು. ಆಯಿಲ್ ಲೈಟ್ ಆರಿತು. ಹುಡುಗ ಒಂದು ಮೂಲೆಯಲ್ಲಿ ನಿಂತಿದ್ದ. ಮೆಕ್ಯಾನಿಕ್ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಮುಂದಿನ ಸಲ ಟ್ಯಾಪೆಟ್ ನೋಡು" ಅಂದ, ಅಷ್ಟೇ. ಮಾತಾಡಿದ ಎಂಟು ಸಾವಿರದ ಮೇಲೆ ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ.

ಆರ್‌ಟಿಒ ಕೆಲಸಕ್ಕೆ ಒಯ್ದದ್ದು: ಮೂಲ ಆರ್‌ಸಿ, ಆನ್‌ಲೈನ್ ಅರ್ಜಿಯ ಪ್ರಿಂಟು, ರಸೀದಿ, ಗುಜರಿಯ ಬಿಲ್ಲು, ಆ ಪಿಕಪ್ಪಿನ ಆರ್‌ಸಿ ರದ್ದಾದ ಪತ್ರ, ಸ್ಟ್ಯಾಂಪ್ ಪೇಪರಿನ ಅಫಿಡವಿಟ್, ಪೆನ್ಸಿಲ್ ಪ್ರಿಂಟ್, ಇನ್ಶೂರೆನ್ಸು, ಎಮಿಶನ್ ಸರ್ಟಿಫಿಕೇಟು. ಗಾಡಿ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಹೋಗುವ ಮೊದಲು ನಿಮ್ಮ ಆಫೀಸಿನಲ್ಲಿ ಒಮ್ಮೆ ಪಟ್ಟಿ ಕೇಳಿಕೊಳ್ಳಿ, ಒಂದೊಂದು ಕಡೆ ಒಂದೆರಡು ಕಾಗದ ಹೆಚ್ಚು ಕಮ್ಮಿ ಇರುತ್ತದೆ. ಇನ್ಸ್‌ಪೆಕ್ಟರ್ ಬಾನೆಟ್ ಎತ್ತಿಸಿ ನಂಬರ್ ನೋಡಲು ಬಗ್ಗಿದರು, ಕಾಣಲಿಲ್ಲ. ಕನ್ನಡಿ ಹಿಡಿದು ತೋರಿಸಬೇಕಾಯಿತು. ನಮ್ಮ ಫೋಟೋ, ಪೆನ್ಸಿಲ್ ಪ್ರಿಂಟ್ ತಾಳೆ ನೋಡಿ ಸಹಿ ಹಾಕಿದರು. ನಮ್ಮದು ಅದೇ ಕಂಪನಿಯ ಅದೇ ಜಾತಿಯ ಎಂಜಿನ್ ಆದ್ದರಿಂದ ಹೆಚ್ಚು ಪ್ರಶ್ನೆ ಬರಲಿಲ್ಲ. ಬೇರೆ ಜಾತಿಯ ಎಂಜಿನ್ ಹಾಕುವ ಆಲೋಚನೆ ಇದ್ದರೆ, ಮೊದಲು ಆರ್‌ಟಿಒದಲ್ಲಿ ಕೇಳಿ, ಆಮೇಲೆ ಗುಜರಿಗೆ ಹೋಗಿ. ಆರ್‌ಸಿ ಬಂದ ಕೂಡಲೇ ಇನ್ಶೂರೆನ್ಸ್ ಪಾಲಿಸಿಯಲ್ಲೂ ಎಂಜಿನ್ ನಂಬರ್ ಬದಲಿಸಿಕೊಳ್ಳಬೇಕು. ಇದನ್ನು ತುಂಬಾ ಜನ ಮಾಡುವುದಿಲ್ಲ, ಕ್ಲೇಮಿನ ಹೊತ್ತಿಗೆ ಒದ್ದಾಡುತ್ತಾರೆ.

ಎಲ್ಲಾ ಸೇರಿ, ಹಳೇ ಎಂಜಿನ್ ಮಾರಿದ್ದು ಕಳೆದು, ಎಪ್ಪತ್ತೈದು ಸಾವಿರ ದಾಟಿತು. ಮೆಷಿನ್ ಶಾಪಿನ ಲೆಕ್ಕಕ್ಕಿಂತ ಜಾಸ್ತಿಯೇ. ಅಲ್ಲಿಯೂ ಪಂಪು, ನಾಜಲ್ಲು, ಕ್ಲಚ್ಚಿನ ಖರ್ಚು ಬೇರೆ ಬರುತ್ತಿತ್ತು ಅಂತ ಸಮಾಧಾನ ಮಾಡಿಕೊಂಡಿದ್ದೇನೆ.

ಈಗ ಬಾಕಿ ಇರುವುದು ಒಂದೇ. ಪಿಕಪ್ಪಿನ ಎಂಜಿನ್ನಿನ ಟೆಂಪರೇಚರ್ ಸೆನ್ಸರ್ ನಮ್ಮ ಜೀಪಿನ ಮೀಟರಿಗೆ ಹೊಂದುತ್ತಿಲ್ಲ. ಎಂಜಿನ್ ತಣ್ಣಗಿದ್ದಾಗಲೂ ಮುಳ್ಳು ಅರ್ಧಕ್ಕೆ ನಿಂತಿರುತ್ತದೆ. ಹಳೇ ಸೆನ್ಸರ್ ಹಾಕೋಣ ಅಂದರೆ ತ್ರೆಡ್ ಬೇರೆ. ಎರಡಕ್ಕೂ ಹೊಂದುವ ಅಡಾಪ್ಟರ್ ಯಾರಾದರೂ ಮಾಡಿಸಿದ್ದರೆ ಎಲ್ಲಿ ಮಾಡಿಸಿದ್ದು ಅಂತ ತಿಳಿಸಿ. ಅಲ್ಲಿಯವರೆಗೆ ಘಟ್ಟ ಹತ್ತುವಾಗ ನಡುವೆ ಒಮ್ಮೆ ನಿಲ್ಲಿಸಿ ಹೋಸು ಮುಟ್ಟಿ ನೋಡಿಕೊಂಡೇ ಹೋಗುತ್ತಿದ್ದೇನೆ.